ಮೂವತ್ತು ಪರ್ಸೆಂಟ್ ಇರುವಾಗಲೇ ಫೋನ್ ಆಫ್, ಪೆನ್‌ಡ್ರೈವ್‌ಗೆ ಹಾಕಿದ ವಿಡಿಯೊ ತೆರೆಯುತ್ತಿಲ್ಲ

ಪ್ರಶ್ನೆ: "ದಾವಣಗೆರೆಯಲ್ಲಿ ಎಂ.ಎ. ಓದುತ್ತಿದ್ದೇನೆ. ಚಳ್ಳಕೆರೆ, ಹಿರಿಯೂರು ಕಡೆಯ ಗೊಲ್ಲರಹಟ್ಟಿಗಳಲ್ಲಿ ಹಿರಿಯರು ಗಣೆ ಎಂಬ ಬಿದಿರ ಕೊಳಲು ಊದಿಕೊಂಡು ಹಾಡುವ, ಗೊಲ್ಲರ ದೈವ ಜುಂಜಪ್ಪನ ಕತೆಯನ್ನು ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳುತ್ತೇನೆ. ಹಾಡು ಶುರುವಾದರೆ ರಾತ್ರಿಯಿಡೀ ನಡೆಯುತ್ತದೆ. ಫೋನ್ ಕೊಂಡು ಮೂರೂವರೆ ವರ್ಷ. 5000 ಎಂಎಎಚ್ ಬ್ಯಾಟರಿ, 128 ಜಿಬಿ, ಟೈಪ್-ಸಿ. ಈಗ 30–35 ಪರ್ಸೆಂಟ್ ಇರುವಾಗಲೇ ದಿಢೀರ್ ಆಫ್ ಆಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿದರೆ 22 ಅಂತ ತೋರಿಸುತ್ತದೆ. ಹೋದ ಸಲ ಹೀಗೆ ಆಫ್ ಆದಾಗ ಆಗುತ್ತಿದ್ದ ರೆಕಾರ್ಡಿಂಗ್ ಫೈಲ್ ತೆರೆಯುತ್ತಲೇ ಇಲ್ಲ. ಜಾಗ ಸಾಲದೆ ಆನ್‌ಲೈನ್‌ನಲ್ಲಿ 700 ರೂಪಾಯಿಗೆ 1 ಟಿಬಿ ಪೆನ್‌ಡ್ರೈವ್ ತರಿಸಿದೆ. ಫೋನ್ ಅದನ್ನು ಒಂದೊಂದು ಸಲ ಗುರುತಿಸುತ್ತದೆ, ಒಂದೊಂದು ಸಲ ಇಲ್ಲ. ಎರಡು ವಾರದ ಹಿಂದೆ ಸುಮಾರು 46 ಜಿಬಿ ವಿಡಿಯೊ ಅದಕ್ಕೆ ಕಾಪಿ ಮಾಡಿ, ಗ್ಯಾಲರಿಯಿಂದ ಡಿಲೀಟ್ ಮಾಡಿದೆ. ಈಗ ನೋಡಿದರೆ ಮೊದಲ ಕೆಲವು ಓಡುತ್ತವೆ, ಉಳಿದವು ಇಲ್ಲ. ಇಷ್ಟು ಡಿಲೀಟ್ ಮಾಡಿದರೂ ಫೋನ್ ಸ್ಟೋರೇಜ್ ಫುಲ್ ಅಂತಲೇ ಹೇಳುತ್ತಿದೆ. ಸ್ನೇಹಿತರು ಬ್ಯಾಟರಿ ಪೂರ್ತಿ ಖಾಲಿ ಮಾಡಿ ಎಂಟು ಗಂಟೆ ಚಾರ್ಜಿಗೆ ಹಾಕು ಅನ್ನುತ್ತಾರೆ. ಅಂಗಡಿಯವರು 900 ರೂಪಾಯಿಗೆ ಬ್ಯಾಟರಿ ಬದಲಿಸುತ್ತೇನೆ ಅನ್ನುತ್ತಾರೆ. ಮೂರು ವಾರದಲ್ಲಿ ಮತ್ತೆ ಹಟ್ಟಿಗೆ ಹೋಗಬೇಕು. ಏನು ಮಾಡಲಿ?"

ಉತ್ತರ: ಮಿಕ್ಕ ವಿಚಾರ ಆಮೇಲೆ. ಇವತ್ತೇ ಮಾಡಬೇಕಾದ ಕೆಲಸವೊಂದಿದೆ.

ಡಿಲೀಟ್ ಮಾಡಿದರೂ ಸ್ಟೋರೇಜ್ ಖಾಲಿಯಾಗಿಲ್ಲ ಎಂದು ನೀವು ದೂರಿನಂತೆ ಬರೆದಿದ್ದೀರಿ. ನಿಮ್ಮ ಪತ್ರದಲ್ಲಿರುವ ಒಳ್ಳೆಯ ಸುದ್ದಿಯೇ ಅದು. ಈಚಿನ ಫೋನ್‌ಗಳಲ್ಲಿ ಗ್ಯಾಲರಿಯಿಂದ ಅಳಿಸಿದ ವಿಡಿಯೊ ತಕ್ಷಣ ಹೋಗಿಬಿಡುವುದಿಲ್ಲ. 'ಟ್ರ್ಯಾಶ್', 'ಬಿನ್' ಅಥವಾ 'ರೀಸೆಂಟ್ಲಿ ಡಿಲೀಟೆಡ್' ಎಂಬ ಜಾಗದಲ್ಲಿ ಸಾಮಾನ್ಯವಾಗಿ 30 ದಿನ ಇರುತ್ತದೆ. ಅಲ್ಲಿರುವಷ್ಟು ದಿನ ಸ್ಟೋರೇಜನ್ನೂ ತಿನ್ನುತ್ತದೆ. ಎರಡು ವಾರ ಆಗಿದೆ ಎಂದರೆ ನಿಮ್ಮ 46 ಜಿಬಿ ಇನ್ನೂ ಅಲ್ಲೇ ಇರುವ ಸಂಭವ ಹೆಚ್ಚು. ಗ್ಯಾಲರಿ ತೆರೆದು ಮೂರು ಚುಕ್ಕೆಯ ಮೆನುವಿನಲ್ಲೋ ಆಲ್ಬಂಗಳ ಕೊನೆಯಲ್ಲೋ ಅದನ್ನು ಹುಡುಕಿ, ಎಲ್ಲವನ್ನೂ ಆರಿಸಿ 'ರೀಸ್ಟೋರ್' ಒತ್ತಿ. ಗ್ಯಾಲರಿ, ಗೂಗಲ್ ಫೋಟೋಸ್, ಫೈಲ್ ಮ್ಯಾನೇಜರ್, ಇವಕ್ಕೆ ಬೇರೆಬೇರೆ ಟ್ರ್ಯಾಶ್ ಇರಬಹುದು. ಮೂರರಲ್ಲೂ ನೋಡಿ. ಅಲ್ಲಿಯವರೆಗೆ 'ಫ್ರೀ ಅಪ್ ಸ್ಪೇಸ್', 'ಕ್ಲೀನ್ ನೌ' ಎಂದು ಫೋನ್ ಎಷ್ಟೇ ಒತ್ತಾಯಿಸಿದರೂ ಮುಟ್ಟಬೇಡಿ, ಅವು ಟ್ರ್ಯಾಶನ್ನೂ ಖಾಲಿ ಮಾಡಿಬಿಡಬಹುದು. ಪೆನ್‌ಡ್ರೈವ್‌ಗೂ ಇನ್ನೇನೂ ಹಾಕಬೇಡಿ. 'ಫಾರ್ಮ್ಯಾಟ್ ಮಾಡಲೇ?' ಎಂದು ಕೇಳಿದರೆ ಬೇಡ ಅನ್ನಿ.

ಟ್ರ್ಯಾಶ್‌ನಲ್ಲೂ ಸಿಗದಿದ್ದರೆ ಫೋನಿನ ಒಳಗಿನ ಮೆಮೊರಿಯಿಂದ ಅವನ್ನು ತೆಗೆದುಕೊಡುತ್ತೇನೆ ಎನ್ನುವವರಿಗೆ ಹಣ ಕೊಡಬೇಡಿ. ಈಗಿನ ಆಂಡ್ರಾಯ್ಡ್ ಫೋನ್‌ಗಳಲ್ಲಿ ಪ್ರತಿ ಫೈಲೂ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಕೀಲಿಯಿಲ್ಲದೆ ಓದಲಾಗದ ಗೂಢಲಿಪಿಯಲ್ಲಿರುತ್ತದೆ. ಅಳಿಸಿದ ಜಾಗವನ್ನು ಫೋನ್ ತಾನಾಗಿಯೇ ಒರೆಸಿಹಾಕುತ್ತದೆ. ಹಳೇ ಹಾರ್ಡ್‌ಡಿಸ್ಕ್‌ನಲ್ಲಿ ನಡೆಯುತ್ತಿದ್ದ ರಿಕವರಿ ಇಲ್ಲಿ ನಡೆಯುವುದಿಲ್ಲ.

ಶೇಕಡಾ 30 ಎಂಬುದರ ಅರ್ಥ

ಬ್ಯಾಟರಿಯದು ಒಂದು ತೊಂದರೆ, ಪೆನ್‌ಡ್ರೈವಿನದು ಇನ್ನೊಂದು ಎಂದು ನೀವು ಬರೆದಿದ್ದೀರಿ. ಅರ್ಧ ಮಟ್ಟಿಗೆ ಎರಡೂ ಒಂದೇ. ಫೋನಿಗೆ ಚುಚ್ಚಿದ ಪೆನ್‌ಡ್ರೈವ್‌ಗೆ ಬೇರೆಲ್ಲಿಂದಲೂ ಕರೆಂಟ್ ಬರುವುದಿಲ್ಲ. ಅದನ್ನೂ ಓಡಿಸಬೇಕಾದದ್ದು ನಿಮ್ಮ ಅದೇ ಸೋತ ಬ್ಯಾಟರಿ.

ಲಿಥಿಯಂ-ಅಯಾನ್ ಬ್ಯಾಟರಿ ಹಳೆಯದಾದಂತೆ ಎರಡು ಬದಲಾವಣೆ ಆಗುತ್ತವೆ. ಹಿಡಿಯುವ ಚಾರ್ಜ್ ಕಡಿಮೆಯಾಗುತ್ತದೆ, ಇದು ಎಲ್ಲರಿಗೂ ಗೊತ್ತು. ಜೊತೆಗೆ ಅದರ ಒಳಗಿನ ವಿದ್ಯುತ್ ರೋಧ ಏರುತ್ತದೆ. ನಿಮ್ಮನ್ನು ಕಾಡುತ್ತಿರುವುದು ಈ ಎರಡನೆಯದು. ಲೆಕ್ಕ ಸುಲಭ. ಶೇ 30ರ ಹೊತ್ತಿಗೆ ಸೆಲ್‌ನ ವೋಲ್ಟೇಜ್ ಸುಮಾರು 3.7 ಇರುತ್ತದೆ ಅನ್ನೋಣ. ಕ್ಯಾಮೆರಾ, ಡಿಸ್ಪ್ಲೇ, ಸಿಗ್ನಲ್ ಹುಡುಕಾಟ ಸೇರಿ ಒಂದು ಕ್ಷಣ 2 ಆಂಪಿಯರ್ ಎಳೆದವು. ಒಳರೋಧ 0.1 ಓಮ್ ಇದ್ದರೆ ವೋಲ್ಟೇಜ್ ಕುಸಿಯುವುದು 0.2 ಮಾತ್ರ, 3.5ರಲ್ಲಿ ಫೋನ್ ಆರಾಮಾಗಿ ಓಡುತ್ತದೆ. ಅದೇ ರೋಧ 0.25 ಓಮ್‌ಗೆ ಏರಿದ್ದರೆ 0.5 ವೋಲ್ಟ್ ಕುಸಿದು 3.2ಕ್ಕೆ ಬರುತ್ತದೆ. ಅಷ್ಟಕ್ಕೆ ಇಳಿದರೆ ಫೋನ್ ತನ್ನನ್ನು ಕಾಪಾಡಿಕೊಳ್ಳಲು ಆಫ್ ಆಗುತ್ತದೆ. ನಿಮ್ಮ ಕಡೆಯ ಹಳೇ ಬೋರ್‌ವೆಲ್ ನೆನಪಿಸಿಕೊಳ್ಳಿ: ಒಳಗೆ ನೀರಿರುತ್ತದೆ, ಆದರೆ ಮೋಟರ್ ಎಳೆಯುವ ಜೋರಿಗೆ ಊಟೆ ಸಾಲದೆ ಪೈಪಿನಲ್ಲಿ ಬರೀ ಗಾಳಿ. ಅರ್ಧ ಗಂಟೆ ಬಿಟ್ಟು ಹಾಕಿದರೆ ಮತ್ತೆ ನೀರು. ಆಫ್ ಆದ ಫೋನ್ ಮತ್ತೆ ಆನ್ ಮಾಡಿದಾಗ 22 ತೋರಿಸುವುದು ಇದಕ್ಕೇ. ಪರ್ಸೆಂಟ್ ಸುಳ್ಳು ಹೇಳುತ್ತಿಲ್ಲ. ಚಾರ್ಜ್ ಒಳಗಿದೆ, ಆದರೆ ಬೇಕಾದ ವೇಗದಲ್ಲಿ ಹೊರಬರುತ್ತಿಲ್ಲ.

ಇಂಥ ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಿ ಎಂಟು ಗಂಟೆ ಚಾರ್ಜಿಗೆ ಹಾಕಿದರೆ ಏನಾಗುತ್ತದೆ? ಗುಣವಾಗುವುದಿಲ್ಲ. ಆ ಸಲಹೆ ಹಳೇ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ್ದು. ಅರ್ಧ ಚಾರ್ಜಿನ ಅಭ್ಯಾಸ 'ನೆನಪಿಟ್ಟುಕೊಳ್ಳುವ' ಗುಣ ಅವಕ್ಕಿತ್ತು, ಲಿಥಿಯಂಗೆ ಇಲ್ಲ. ಪೂರ್ತಿ ಖಾಲಿ ಮಾಡಿ ತುಂಬಿಸಿದರೆ ಪರ್ಸೆಂಟ್ ಮೀಟರ್ ಮಾತ್ರ ಸ್ವಲ್ಪ ಸರಿಹೋಗುತ್ತದೆ, ಸೆಲ್ ಸರಿಹೋಗುವುದಿಲ್ಲ. ಪದೇಪದೇ ಹಾಗೆ ಮಾಡಿದರೆ ಸೆಲ್‌ಗೆ ನಷ್ಟವೇ. ರಾತ್ರಿಯಿಡೀ ಚಾರ್ಜಿಗಿಟ್ಟರೆ 'ಓವರ್‌ಚಾರ್ಜ್' ಆಗಿ ಸಿಡಿಯುತ್ತದೆ ಎಂಬ ಹೆದರಿಕೆಯೂ ಹಾಗೆಯೇ. ತುಂಬಿದ ಮೇಲೆ ಫೋನ್ ತಾನೇ ಕರೆಂಟ್ ನಿಲ್ಲಿಸುತ್ತದೆ. ಆದರೆ 100ರಲ್ಲಿ, ಅದೂ ದಿಂಬಿನ ಕೆಳಗೆ ಬಿಸಿಯಾಗಿ, ದಿನಾ ಏಳೆಂಟು ಗಂಟೆ ಕೂತಿರುವುದು ಸೆಲ್‌ಗೆ ಒಳ್ಳೆಯದಲ್ಲ. ಸೆಟ್ಟಿಂಗ್ಸ್‌ನಲ್ಲಿ 80ಕ್ಕೆ ನಿಲ್ಲಿಸುವ ಅಥವಾ 'ಆಪ್ಟಿಮೈಸ್ಡ್ ಚಾರ್ಜಿಂಗ್' ಎನ್ನುವ ಆಯ್ಕೆ ಇದ್ದರೆ ಊರಲ್ಲಿರುವ ದಿನಗಳಲ್ಲಿ ಹಾಕಿಡಿ. ಹಟ್ಟಿಗೆ ಹೊರಡುವ ದಿನ ತೆಗೆದು ಪೂರ್ತಿ ತುಂಬಿಸಿಕೊಳ್ಳಿ.

ಬ್ಯಾಟರಿ ಬೂಸ್ಟರ್ ಆ್ಯಪ್‌ಗಳಿದ್ದರೆ ತೆಗೆದುಹಾಕಿ. ರೀಸೆಂಟ್ ಪಟ್ಟಿಯಿಂದ ಆ್ಯಪ್‌ಗಳನ್ನು ಗಳಿಗೆಗೊಮ್ಮೆ ಸರಿಸಿಹಾಕುವುದರಿಂದಲೂ ಉಳಿತಾಯವಿಲ್ಲ. ಮತ್ತೆ ತೆರೆಯುವಾಗ ಮೊದಲಿನಿಂದ ಲೋಡ್ ಆಗಿ ಇನ್ನಷ್ಟು ತಿನ್ನುತ್ತವೆ.

ಬದಲಿಸುವುದೇ ದಾರಿ, ಆದರೆ ಎಲ್ಲಿ?

ಅಂಗಡಿಯವರ ಮಾತು ಸರಿ. ದಿನಕ್ಕೊಂದು ಸುತ್ತು ಚಾರ್ಜ್ ಎಂದು ಹಿಡಿದರೂ ಮೂರೂವರೆ ವರ್ಷಕ್ಕೆ 1,200 ದಾಟುತ್ತದೆ. ಹೋಲಿಕೆಗೆ ನೋಡಿ: ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಬಂದಿರುವ ನಿಯಮ ಕೇಳುವುದು 800 ಸುತ್ತಿನ ನಂತರವೂ ಶೇ 80ರಷ್ಟು ಸಾಮರ್ಥ್ಯ ಉಳಿದಿರಬೇಕು ಎಂದು. ಐಫೋನ್ 14 ಮತ್ತು ಅದಕ್ಕಿಂತ ಹಿಂದಿನವಕ್ಕೆ ಆ್ಯಪಲ್ ಹೇಳುವ ಸಂಖ್ಯೆ 500. ನಿಮ್ಮದು ತನ್ನ ಕೆಲಸ ಮುಗಿಸಿದೆ. ಫೋನಿನ ಬ್ಯಾಟರಿ ಸೆಟ್ಟಿಂಗ್ಸ್‌ನಲ್ಲಿ 'ಬ್ಯಾಟರಿ ಹೆಲ್ತ್' ಇದ್ದರೆ ನೋಡಿ, ಸ್ಯಾಮ್ಸಂಗ್ ಆದರೆ ಸ್ಯಾಮ್ಸಂಗ್ ಮೆಂಬರ್ಸ್ ಆ್ಯಪ್‌ನ ಡಯಾಗ್ನೋಸ್ಟಿಕ್ಸ್‌ನಲ್ಲಿ ಸಿಗುತ್ತದೆ. ಇಲ್ಲದಿದ್ದರೂ ಚಿಂತೆಯಿಲ್ಲ. ನೀವು ಬರೆದ ಲಕ್ಷಣವೇ ಸಾಕು.

ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ದುಡ್ಡು ಸ್ವಲ್ಪ ಜಾಸ್ತಿ, ಮಾಡೆಲ್ ಹಳೆಯದಾದರೆ ಬಿಡಿಭಾಗಕ್ಕೆ ಕಾಯಬೇಕಾಗಬಹುದು. ಮೂರೇ ವಾರ ಇರುವುದರಿಂದ ನಾಳೆಯೇ ಫೋನ್ ಮಾಡಿ ಸ್ಟಾಕ್ ಕೇಳಿ. ಹೊರಗಿನ ಅಂಗಡಿಯಲ್ಲಿ ಒಂದು ಗಂಟೆಯ ಕೆಲಸ. ಅಲ್ಲಿನ ಮುಖ್ಯ ಅಪಾಯ ಕೆಲಸದವರ ಕೈಚಳಕದ್ದಲ್ಲ, ಬ್ಯಾಟರಿಯದು. 'ಒರಿಜಿನಲ್' ಎಂದು ಕೊಡುವ ಡುಪ್ಲಿಕೇಟ್‌ಗಳ ಮೇಲೆ 5000 ಎಂದು ಅಚ್ಚಾಗಿರುತ್ತದೆ, ಒಳಗೆ ಅಷ್ಟಿರುವುದಿಲ್ಲ. ಇನ್ನು ಕೆಲವು ವರ್ಷಗಟ್ಟಲೆ ಗೋದಾಮಿನಲ್ಲಿ ಕೂತು ಮುದಿಯಾದ ಸೆಲ್‌ಗಳು. ಬ್ಯಾಟರಿಯನ್ನು ಒಳಗೆ ಕೂರಿಸುವ ಮೊದಲು ಕೈಗೆ ತೆಗೆದುಕೊಂಡು ಮಾಡೆಲ್ ನಂಬರ್, ತಯಾರಾದ ದಿನಾಂಕ, ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತಿನ ಜೊತೆ 'ಆರ್-' ಎಂದು ಶುರುವಾಗುವ ನೋಂದಣಿ ಸಂಖ್ಯೆ ನೋಡಿ. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾರ ಹೆಸರಿನಲ್ಲಿದೆ ಎಂದು ತೋರಿಸುತ್ತದೆ. ಮೂರು ತಿಂಗಳ ಗ್ಯಾರಂಟಿಯನ್ನಾದರೂ ಬಿಲ್ ಮೇಲೆ ಬರೆಸಿಕೊಳ್ಳಿ. ಹಳೇ ಬ್ಯಾಟರಿಯನ್ನು ಗೋಂದಿನಿಂದ ಬಿಡಿಸುವಾಗ ಲೋಹದ ಚೂಪು ಉಪಕರಣ ಹಾಕಿ ಮೀಟುವುದನ್ನು ಕಂಡರೆ ಬೇಡ ಅನ್ನಿ, ಸೆಲ್ ತೂತಾದರೆ ಬೆಂಕಿ. ಬಿಚ್ಚಿ ಮುಚ್ಚಿದ ಮೇಲೆ ಫೋನಿಗೆ ಮೊದಲಿದ್ದ ನೀರಿನ ರಕ್ಷಣೆ ಉಳಿಯುವುದಿಲ್ಲ ಎಂಬುದೂ ತಿಳಿದಿರಲಿ.

ಫೋನಿನ ಹಿಂಬದಿ ಉಬ್ಬಿದ್ದರೆ, ಡಿಸ್ಪ್ಲೇ ಒಂದು ಕಡೆ ಎದ್ದಿದ್ದರೆ, ಮೂರು ವಾರ ಕಾಯಬೇಡಿ. ಅಂಥದ್ದನ್ನು ಚಾರ್ಜಿಗೆ ಹಾಕಬಾರದು, ಒತ್ತಿ ಕೂರಿಸಬಾರದು.

ಹಟ್ಟಿಯಲ್ಲಿ ಚಾರ್ಜ್ ಕುಡಿಯುವುದು ಯಾವುದು

ಹೊಸ ಬ್ಯಾಟರಿ ಹಾಕಿಸಿದರೂ ಈಗ ಮಾಡುವಂತೆಯೇ ಮಾಡಿದರೆ ಒಂದು ರಾತ್ರಿ ದಾಟುವುದು ಕಷ್ಟ. ಕ್ಯಾಮೆರಾ ಸೆನ್ಸರ್, ವಿಡಿಯೊ ಎನ್‌ಕೋಡಿಂಗ್, ಹೊತ್ತಿಕೊಂಡೇ ಇರುವ ಡಿಸ್ಪ್ಲೇ ಮೂರೂ ಒಟ್ಟಿಗೆ ಗಂಟೆಗಟ್ಟಲೆ ಓಡುತ್ತವೆ. ಇದರ ಮೇಲೆ ಸಿಗ್ನಲ್. ಟವರ್ ದೂರವಾದಷ್ಟೂ ಫೋನ್ ತನ್ನ ಪ್ರಸಾರದ ಶಕ್ತಿ ಏರಿಸುತ್ತದೆ. 5ಜಿ ಒಮ್ಮೆ ಸಿಕ್ಕು ಒಮ್ಮೆ ತಪ್ಪುವ ಜಾಗದಲ್ಲಿ 4ಜಿಗೂ 5ಜಿಗೂ ನಡುವೆ ಓಡಾಡುತ್ತಲೇ ಇರುತ್ತದೆ. ಜೇಬಿನಲ್ಲಿ ಸುಮ್ಮನಿದ್ದ ಫೋನ್ ಹಟ್ಟಿ ತಲುಪುವಷ್ಟರಲ್ಲಿ ಬಿಸಿಯಾಗಿ 15 ಪರ್ಸೆಂಟ್ ಕಳೆದುಕೊಂಡಿರುವುದು ಇದರಿಂದ.

ರೆಕಾರ್ಡಿಂಗ್ ಶುರುವಾಗುವ ಮೊದಲು ಏರೋಪ್ಲೇನ್ ಮೋಡ್ ಹಾಕಿ. ಒಂದೇ ಪೈಸೆ ಖರ್ಚಿಲ್ಲದೆ ಬಹಳಷ್ಟು ಉಳಿಸುವ ಕೆಲಸ ಇದು. ನಡುವೆ ಕರೆ ಬಂದು ರೆಕಾರ್ಡಿಂಗ್ ನಿಲ್ಲುವುದೂ ತಪ್ಪುತ್ತದೆ. ಮನೆಯವರಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ರಾತ್ರಿ 'ಸ್ವಿಚ್ ಆಫ್' ಕೇಳಿ ಗಾಬರಿಯಾಗುತ್ತಾರೆ. ದಾರಿಯಲ್ಲಿ ಫೋನ್ ಬೇಕೆಂದರೆ 'ಪ್ರಿಫರ್ಡ್ ನೆಟ್‌ವರ್ಕ್' ಅನ್ನು 4ಜಿಗೆ ಇಟ್ಟುಕೊಳ್ಳಿ.

ಇನ್ನೊಂದು ಸಲಹೆ ನಿಮಗೆ ಒಪ್ಪಿಗೆಯಾಗುತ್ತದೋ ಇಲ್ಲವೋ, ಹೇಳಿಬಿಡುತ್ತೇನೆ: ರಾತ್ರಿಯಿಡೀ ವಿಡಿಯೊ ಬೇಡ. ಕತೆಯ ಪಠ್ಯ ಬರೆದುಕೊಳ್ಳಲು, ಧಾಟಿ ಗುರುತಿಸಲು ಬೇಕಾದದ್ದು ಧ್ವನಿ. ಗಣೆ ಹಿಡಿಯುವ ರೀತಿ, ಬೆರಳಾಟ, ಸುತ್ತಲಿನವರು ಸೊಲ್ಲು ಕೊಡುವ ಬಗೆ, ಇಂಥವಕ್ಕೆ ಹತ್ತು ಹತ್ತು ನಿಮಿಷದ ಒಂದಷ್ಟು ವಿಡಿಯೊ ಸಾಕು. 1080ಪಿ ವಿಡಿಯೊ ಎಚ್.264 ಎಂಬ ಸಾಮಾನ್ಯ ಸಂಕೋಚನ ಕ್ರಮದಲ್ಲಿ ನಿಮಿಷಕ್ಕೆ ಸುಮಾರು 130 ಎಂಬಿ, ಎಂಟು ಗಂಟೆಗೆ 62 ಜಿಬಿ. ಅದೇ ಎಂಟು ಗಂಟೆ ಧ್ವನಿಯನ್ನು ಮೊನೊ ವೇವ್ (ಸಂಕೋಚನವಿಲ್ಲದ ಧ್ವನಿ ಫೈಲ್) ರೂಪದಲ್ಲಿ, 48 ಕಿಲೊಹರ್ಟ್ಸ್ 16 ಬಿಟ್‌ನಲ್ಲಿ ಇಟ್ಟುಕೊಂಡರೂ 2.8 ಜಿಬಿ ದಾಟುವುದಿಲ್ಲ. ಡಿಸ್ಪ್ಲೇ ಆರಿಸಿಯೂ ರೆಕಾರ್ಡ್ ಆಗುತ್ತದೆ. ಬ್ಯಾಟರಿ ಮತ್ತು ಸ್ಟೋರೇಜ್ ಎರಡರ ಮುಕ್ಕಾಲು ಸಮಸ್ಯೆ ಅಲ್ಲಿಗೇ ಕರಗುತ್ತದೆ. ವಿಡಿಯೊ ಬೇಕೇಬೇಕು ಎನ್ನುವಲ್ಲಿ ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಎಚ್‌ಇವಿಸಿ ಎಂಬ ಹೊಸ ಸಂಕೋಚನ ಕ್ರಮ ಆರಿಸಿದರೆ ಗಾತ್ರ ಸುಮಾರು ಅರ್ಧಕ್ಕಿಳಿಯುತ್ತದೆ. ವಿಭಾಗದ ಹಳೇ ಕಂಪ್ಯೂಟರ್‌ನಲ್ಲಿ ಅದು ಓಡುತ್ತದೆಯೇ ಎಂದು ಮೊದಲೇ ಪರೀಕ್ಷಿಸಿ.

ಇಲ್ಲೊಂದು ಎಡವಟ್ಟು ಕಾದಿರುತ್ತದೆ. ಡಿಸ್ಪ್ಲೇ ಆರಿದ ಮೇಲೆ ಹಿಂದೆ ಓಡುವ ಆ್ಯಪ್‌ಗಳನ್ನು ಬ್ಯಾಟರಿ ಉಳಿಸುವ ನೆಪದಲ್ಲಿ ಫೋನೇ ಕೊಂದುಹಾಕುತ್ತದೆ. ನಿಮ್ಮ ರೆಕಾರ್ಡರ್ ಕೂಡ ಆ ಸಾಲಿಗೆ ಸೇರಬಹುದು. ಸೆಟ್ಟಿಂಗ್ಸ್, ಆ್ಯಪ್ಸ್, ರೆಕಾರ್ಡರ್, ಬ್ಯಾಟರಿ, ಹೀಗೆ ಹೋಗಿ 'ಅನ್‌ರಿಸ್ಟ್ರಿಕ್ಟೆಡ್' ಅಥವಾ 'ನೋ ರಿಸ್ಟ್ರಿಕ್ಷನ್ಸ್' ಕೊಡಿ. ಆ ರಾತ್ರಿ ಬ್ಯಾಟರಿ ಸೇವರ್ ಮೋಡ್ ಹಾಕಬೇಡಿ. ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ಹೊಸ ಫೈಲ್ ಶುರು ಮಾಡಿ, ಏನಾದರೂ ಕೆಟ್ಟರೆ ಅಷ್ಟೇ ಕೆಡುತ್ತದೆ.

ಡಾರ್ಕ್ ಮೋಡ್ ಅಮೋಲೆಡ್ ಡಿಸ್ಪ್ಲೇ ಇದ್ದರೆ ಮಾತ್ರ ಉಳಿಸುತ್ತದೆ, ಎಲ್‌ಸಿಡಿಯಲ್ಲಿ ಹಿಂದಿನ ಬೆಳಕು ಹೇಗೂ ಉರಿಯುತ್ತಿರುತ್ತದೆ. ಡಿಸ್ಪ್ಲೇಯ ರಿಫ್ರೆಶ್ ರೇಟ್ 120 ಹರ್ಟ್ಸ್ ಇದ್ದರೆ 60ಕ್ಕೆ ಇಳಿಸಿ. ಬ್ಲೂಟೂತ್, ಲೊಕೇಶನ್ ಆಫ್ ಮಾಡಿದರೆ ಸಿಗುವುದು ಚಿಲ್ಲರೆ, ಅದರ ಹಿಂದೆ ಬೀಳಬೇಡಿ.

ಬಿಸಿಲು ಚಿಲ್ಲರೆಯಲ್ಲ. ಫೋನ್ ಬಳಕೆಗೆ ಆ್ಯಪಲ್ ಹೇಳುವ ಮಿತಿ 35 ಡಿಗ್ರಿ. ಚಳ್ಳಕೆರೆ ಕಡೆಯ ಮಾರ್ಚ್-ಏಪ್ರಿಲ್ ಬಿಸಿಲಿಗೆ ಅದು ನೆರಳಿನಲ್ಲೇ ದಾಟುತ್ತದೆ. ಬೈಕಿನ ಹ್ಯಾಂಡಲ್‌ಗೆ ಸಿಕ್ಕಿಸಿ, ಮ್ಯಾಪ್ ಓಡಿಸುತ್ತ, ಜೊತೆಗೆ ಚಾರ್ಜಿಗೂ ಹಾಕಿಕೊಂಡು ಹೋಗುವುದು ಬ್ಯಾಟರಿಗೆ ಮಾಡಬಹುದಾದ ಅತಿ ಕೆಟ್ಟ ಉಪಚಾರ. ಪೂರ್ತಿ ತುಂಬಿದ ಸೆಲ್ ಬಿಸಿಯಲ್ಲಿ ಬೇಗ ಹಾಳಾಗುತ್ತದೆ. ದಾರಿಯಲ್ಲಿ ಫೋನ್ ಚೀಲದೊಳಗಿರಲಿ, ಟ್ಯಾಂಕ್ ಮೇಲಿನ ಕಪ್ಪು ಕವರಿನಲ್ಲಿ ಬೇಡ. ಚಾರ್ಜಿಗೆ ಹಾಕುವಾಗ ಬ್ಯಾಕ್ ಕವರ್ ತೆಗೆಯಿರಿ. ಹಟ್ಟಿಯಲ್ಲಿ ವೋಲ್ಟೇಜ್ ಕಡಿಮೆ ಎಂದು ಹೆದರಬೇಕಿಲ್ಲ. ಚಾರ್ಜರ್ ಮೇಲೆ 100–240 ವೋಲ್ಟ್ ಎಂದಿರುತ್ತದೆ, 160ಕ್ಕೂ ಅದು ಕೆಲಸ ಮಾಡುತ್ತದೆ. ಕರೆಂಟ್ ಹೋಗಿ ಬರುವ ಹೊತ್ತಿನಲ್ಲಿ ಮಾತ್ರ ತೆಗೆದಿಡಿ.

ಪವರ್‌ಬ್ಯಾಂಕ್ ಕೊಳ್ಳುವುದಾದರೆ ಲೆಕ್ಕ ಹೀಗೆ. 10,000 ಎಂಎಎಚ್ ಎಂಬುದು ಒಳಗಿನ ಸೆಲ್‌ನ 3.7 ವೋಲ್ಟ್‌ನ ಲೆಕ್ಕ, ಅಂದರೆ 37 ವ್ಯಾಟ್-ಅವರ್. 5 ವೋಲ್ಟ್‌ಗೆ ಏರಿಸುವಾಗ, ಕೇಬಲ್‌ನಲ್ಲಿ, ಫೋನ್ ಮತ್ತೆ ಇಳಿಸಿಕೊಳ್ಳುವಾಗ ಸೋರಿಕೆ ಕಳೆದರೆ ನಿಮ್ಮ ಫೋನನ್ನು ಸುಮಾರು ಒಂದೂವರೆ ಸಲ ತುಂಬಿಸುತ್ತದೆ. ಎರಡು ಸಲ ಅಲ್ಲ. ಹಿಂಬದಿಯ ಸಣ್ಣ ಅಕ್ಷರದಲ್ಲಿ 'ರೇಟೆಡ್ ಕೆಪಾಸಿಟಿ' 6,000 ಆಸುಪಾಸು ಇದ್ದರೆ ಅದು ಪ್ರಾಮಾಣಿಕ ಮಾಲು. ಹೊರಗಿನ ಮೈಕನ್ನು ಟೈಪ್-ಸಿಗೆ ಹಾಕುವವರಾದರೆ ಆ ಹೊತ್ತಿನಲ್ಲಿ ಚಾರ್ಜ್ ಮಾಡಲು ಪೋರ್ಟ್ ಉಳಿಯುವುದಿಲ್ಲ ಎಂಬುದನ್ನು ಈಗಲೇ ಯೋಚಿಸಿ. 3.5 ಎಂಎಂ ಜ್ಯಾಕ್ ಇದ್ದರೆ ಮೈಕ್ ಅಲ್ಲಿಗೆ ಹಾಕಿ.

ಪೆನ್‌ಡ್ರೈವ್ ವಿಚಾರ

ನೇರವಾಗಿ ಹೇಳುತ್ತೇನೆ: 700 ರೂಪಾಯಿಗೆ 1 ಟಿಬಿ ಪೆನ್‌ಡ್ರೈವ್ ಇರುವುದಿಲ್ಲ. ಒಳಗೆ 32 ಜಿಬಿಯ ಚಿಪ್ಪೋ ಅದಕ್ಕಿಂತ ಚಿಕ್ಕದೋ ಇದೆ, ಕಂಟ್ರೋಲರ್‌ಗೆ ಮಾತ್ರ '1 ಟಿಬಿ ಅನ್ನು' ಎಂದು ಹೇಳಿಕೊಟ್ಟಿದ್ದಾರೆ. ನಿಜವಾದ ಜಾಗ ತುಂಬಿದ ಮೇಲೂ ಅದು ಫೈಲ್ ತೆಗೆದುಕೊಳ್ಳುತ್ತಲೇ ಹೋಗುತ್ತದೆ. ಹೆಸರು, ಗಾತ್ರ ಎಲ್ಲ ಸರಿಯಾಗಿ ಪಟ್ಟಿಯಲ್ಲಿ ಕಾಣುತ್ತದೆ, ಒಳಗೆ ಏನೂ ಇರುವುದಿಲ್ಲ. ಮೊದಲ ಕೆಲವು ವಿಡಿಯೊ ಓಡಿ ಉಳಿದವು ಓಡದಿರುವುದು ಇದರದೇ ಲಕ್ಷಣ. ಆ ಉಳಿದವು ಪೆನ್‌ಡ್ರೈವ್‌ನಲ್ಲಿ ಎಂದೂ ಇರಲೇ ಇಲ್ಲ, ಹಾಗಾಗಿ ಯಾವ ರಿಕವರಿ ಸಾಫ್ಟ್‌ವೇರೂ ಅಲ್ಲಿಂದ ತರಲಾರದು. ಓಡುವವನ್ನು ಕಂಪ್ಯೂಟರ್‌ಗೆ ತೆಗೆದಿಟ್ಟುಕೊಂಡು, ರಿಟರ್ನ್ ಅವಧಿ ಇದ್ದರೆ ವಾಪಸ್ ಕಳಿಸಿ.

ಹೊಸದು ತಂದ ದಿನವೇ ಪರೀಕ್ಷೆ ಮಾಡಿ. ವಿಂಡೋಸ್ ಕಂಪ್ಯೂಟರ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯು, ಲಿನಕ್ಸ್‌ನಲ್ಲಿ ಎಫ್3 ಎಂಬ ಉಚಿತ ಉಪಕರಣಗಳಿವೆ. ಇಡೀ ಡ್ರೈವನ್ನು ತುಂಬಿಸಿ, ಮತ್ತೆ ಓದಿ, ತಾಳೆ ನೋಡುತ್ತವೆ. 128 ಜಿಬಿ ತುಂಬಿಸಲು ಸೆಕೆಂಡಿಗೆ 20 ಎಂಬಿ ವೇಗದಲ್ಲಿ ಎರಡು ಗಂಟೆಗೆ ಸ್ವಲ್ಪ ಕಡಿಮೆ ಹಿಡಿಯುತ್ತದೆ. ಬೇಸರದ ಕೆಲಸವಾದರೂ ಮಾಡಲೇಬೇಕು.

ಒಮ್ಮೆ ಗುರುತಿಸಿ ಒಮ್ಮೆ ಗುರುತಿಸದಿರಲು ಕಾರಣ ನಾಲ್ಕರಲ್ಲಿ ಒಂದು. ಒಪ್ಪೋ, ರಿಯಲ್‌ಮಿ, ವಿವೋದಂಥ ಫೋನ್‌ಗಳಲ್ಲಿ ಹೊರಗಿನ ಡ್ರೈವ್ ಗುರುತಿಸಲು 'ಒಟಿಜಿ' ಎಂಬ ಸ್ವಿಚ್ ಇರುತ್ತದೆ. ಹತ್ತು ನಿಮಿಷ ಬಳಸದಿದ್ದರೆ ತಾನೇ ಆಫ್ ಆಗುತ್ತದೆ. ಸೆಟ್ಟಿಂಗ್ಸ್‌ನ ಹುಡುಕಾಟದಲ್ಲಿ ಒಟಿಜಿ ಎಂದು ಹಾಕಿ, ಸಿಕ್ಕರೆ ಪ್ರತಿ ಸಲ ಆನ್ ಮಾಡಿಕೊಂಡು ಚುಚ್ಚಿ. 'ಒಂದೊಂದು ಸಲ' ಎಂದು ನೀವು ಬರೆದದ್ದಕ್ಕೆ ನನ್ನ ಮೊದಲ ಅನುಮಾನ ಇದರ ಮೇಲೆ. ಎರಡನೆಯದು ಪೆನ್‌ಡ್ರೈವನ್ನು ಟೈಪ್-ಸಿಗೆ ಹೊಂದಿಸುವ ಅಡಾಪ್ಟರ್. ಫೋನ್ ತಾನು ಕರೆಂಟ್ ಕೊಡುವ ಕಡೆಯವ ಎಂದು ತಿಳಿಯಲು ಅಡಾಪ್ಟರ್ ಒಳಗೆ 5.1 ಕಿಲೊ ಓಮ್‌ನ ಸಣ್ಣ ರೆಸಿಸ್ಟರ್ ಇರಬೇಕು. ಅಗ್ಗದವುಗಳಲ್ಲಿ ಅದು ಇರುವುದಿಲ್ಲ, ಅಥವಾ ಪಿನ್ ಸಡಿಲ. ಮೂರನೆಯದು ಫಾರ್ಮ್ಯಾಟ್, ಅಂದರೆ ಡ್ರೈವ್ ಫೈಲ್‌ಗಳನ್ನು ಜೋಡಿಸಿಡುವ ಬಗೆ: ಎನ್‌ಟಿಎಫ್‌ಎಸ್ ಇದ್ದರೆ ಅನೇಕ ಫೋನ್‌ಗಳು ಓದುವುದಿಲ್ಲ. ಫ್ಯಾಟ್32 ಎಲ್ಲದರಲ್ಲೂ ಓಡುತ್ತದೆ, ಆದರೆ 4 ಜಿಬಿಗಿಂತ ದೊಡ್ಡ ಒಂದೇ ಫೈಲನ್ನು ತೆಗೆದುಕೊಳ್ಳದು, ಅರ್ಧ ಗಂಟೆ ದಾಟಿದ ವಿಡಿಯೊ ಅಲ್ಲೇ ನಿಲ್ಲುತ್ತದೆ. ಎಕ್ಸ್‌ಫ್ಯಾಟ್ ಆರಿಸಿ, ನಿಮ್ಮ ವಯಸ್ಸಿನ ಫೋನ್‌ಗಳಲ್ಲಿ ಸಾಮಾನ್ಯವಾಗಿ ನಡೆಯುತ್ತದೆ. ಫೋನ್‌ನಲ್ಲೇ ಫಾರ್ಮ್ಯಾಟ್ ಮಾಡಿಸಿದರೆ ಇನ್ನೂ ಖಾತ್ರಿ. ನಾಲ್ಕನೆಯದು ಮೇಲೆ ಹೇಳಿದ್ದೇ, ಬ್ಯಾಟರಿಯ ಶಕ್ತಿ ಸಾಲದಿರುವುದು. ತಿರುಗುವ ಹಾರ್ಡ್‌ಡಿಸ್ಕ್ ಹಾಕಿದಾಗ 'ಟಿಕ್ ಟಿಕ್' ಎಂದು ಸದ್ದು ಮಾಡಿ ಕಾಣದೇ ಹೋಗುವುದು ಇದರಿಂದಲೇ.

ಏನು ಕೊಳ್ಳಬೇಕು? ಫೋನಿನಲ್ಲಿ ಮೆಮೊರಿ ಕಾರ್ಡ್ ಸ್ಲಾಟ್ ಇದ್ದರೆ ಒಳ್ಳೆಯ ಕಂಪನಿಯ 128 ಜಿಬಿ ಮೈಕ್ರೊಎಸ್‌ಡಿ ಎಲ್ಲಕ್ಕಿಂತ ಮೇಲು. ಕಾರ್ಡ್ ಮೇಲೆ ಯು3 ಅಥವಾ ವಿ30 ಗುರುತಿರಲಿ. ಅದು ಹೊರಗೆ ನೇತಾಡುವುದಿಲ್ಲ, ಕರೆಂಟ್ ಕಡಿಮೆ ಎಳೆಯುತ್ತದೆ, ಕ್ಯಾಮೆರಾ ನೇರವಾಗಿ ಅದರಲ್ಲೇ ಉಳಿಸುತ್ತದೆ. ಮೊದಲ ಸಲ ಹಾಕಿದಾಗ ಫೋನ್ ಕೇಳಿದರೆ 'ಪೋರ್ಟಬಲ್' ಎನ್ನಿ. 'ಇಂಟರ್ನಲ್' ಎಂದರೆ ಕಾರ್ಡ್ ಎನ್‌ಕ್ರಿಪ್ಟ್ ಆಗಿ ಆ ಒಂದು ಫೋನಿಗೆ ಕಟ್ಟಿಬೀಳುತ್ತದೆ, ಫೋನ್ ಕೆಟ್ಟರೆ ಕಾರ್ಡ್ ಇನ್ನೆಲ್ಲೂ ತೆರೆಯದು. ಸ್ಲಾಟ್ ಇಲ್ಲದಿದ್ದರೆ ಒಂದು ತುದಿ ಟೈಪ್-ಸಿ, ಇನ್ನೊಂದು ಸಾಮಾನ್ಯ ಯುಎಸ್‌ಬಿ ಇರುವ ಡ್ಯುಯಲ್ ಪೆನ್‌ಡ್ರೈವ್ ತೆಗೆದುಕೊಳ್ಳಿ, ಅಡಾಪ್ಟರಿನ ರಗಳೆಯೇ ಇರುವುದಿಲ್ಲ. ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ವೇಗದ ಡ್ರೈವ್) ಒಳ್ಳೆಯದೇ, ಆದರೆ ಬರೆಯುವಾಗ 4–5 ವ್ಯಾಟ್ ಎಳೆಯಬಹುದು. ಜೊತೆಗೆ ನಿಮ್ಮ ಬೆಲೆಯ ಫೋನ್‌ಗಳಲ್ಲಿ ಟೈಪ್-ಸಿ ಆಕಾರವಿದ್ದರೂ ಒಳಗಿರುವುದು ಹೆಚ್ಚಾಗಿ ಯುಎಸ್‌ಬಿ 2.0, ಸೆಕೆಂಡಿಗೆ 30 ಎಂಬಿ ಆಸುಪಾಸು. ಎಸ್‌ಎಸ್‌ಡಿಗೆ ಕೊಟ್ಟ ದುಡ್ಡಿನ ವೇಗ ನಿಮಗೆ ಸಿಗುವುದಿಲ್ಲ. ಅದನ್ನು ವಿಭಾಗದ ಕಂಪ್ಯೂಟರ್ ಪಕ್ಕಕ್ಕೆ ಇಡಿ.

ಕಾಪಿ ಮಾಡುವ ಕೆಲಸವನ್ನು ಹಟ್ಟಿಯ ಕತ್ತಲಲ್ಲಿ, 30 ಪರ್ಸೆಂಟ್‌ನಲ್ಲಿ ಮಾಡಬೇಡಿ. ಸಣ್ಣ ಪೆನ್‌ಡ್ರೈವ್‌ಗಳು ಸೆಕೆಂಡಿಗೆ 10 ಎಂಬಿಯಷ್ಟೇ ಬರೆಯುತ್ತವೆ. 40 ಜಿಬಿಗೆ ಒಂದು ಗಂಟೆಗೂ ಹೆಚ್ಚು. ನಡುವೆ ವೋಲ್ಟೇಜ್ ಕುಸಿದರೆ ಬರೆಯುತ್ತಿದ್ದ ಫೈಲ್ ಮಾತ್ರವಲ್ಲ, ಇಡೀ ಪಟ್ಟಿಯೇ ಕೆಡಬಹುದು. ಮರುದಿನ ಊರಿಗೆ ಬಂದು, 70ರ ಮೇಲೆ ಚಾರ್ಜ್ ಮಾಡಿಕೊಂಡು, ಏರೋಪ್ಲೇನ್ ಮೋಡ್‌ನಲ್ಲಿ ಕಾಪಿಗೆ ಹಾಕಿ. 'ಮೂವ್' ಬೇಡ, 'ಕಾಪಿ'. ಮುಗಿದ ಮೇಲೆ ನೋಟಿಫಿಕೇಶನ್‌ನಿಂದ 'ಇಜೆಕ್ಟ್' ಮಾಡಿ ತೆಗೆಯಿರಿ, ಮತ್ತೆ ಚುಚ್ಚಿ, ಫೈಲ್‌ಗಳ ಸಂಖ್ಯೆ ಮತ್ತು ಒಟ್ಟು ಗಾತ್ರ ಎರಡೂ ಕಡೆ ತಾಳೆ ನೋಡಿ. ಮೊದಲಿನದು, ನಡುವಿನದು, ಕೊನೆಯದು ತೆರೆದು ಪ್ರತಿಯೊಂದರಲ್ಲೂ ಕೊನೆಯ ನಿಮಿಷಕ್ಕೆ ಎಳೆದು ಕೇಳಿ. ಅಲ್ಲಿಂದ ಕಂಪ್ಯೂಟರ್‌ಗೆ ಇನ್ನೊಂದು ಪ್ರತಿ ಇಳಿಸಿದ ಮೇಲಷ್ಟೇ ಫೋನಿನದನ್ನು ಅಳಿಸಿ. ತೀರಾ ವಯಸ್ಸಾದ ಹಾಡುಗಾರರದ್ದಾದರೆ ಮೂರನೆಯ ಪ್ರತಿಯೊಂದನ್ನು ಬೇರೆ ಮನೆಯಲ್ಲಿ ಇಡಿ.

ಫೋನ್ ಆಫ್ ಆದಾಗ ಆಗುತ್ತಿದ್ದ ಆ ಒಂದು ರೆಕಾರ್ಡಿಂಗ್

ಇದು ಪೆನ್‌ಡ್ರೈವಿನ ಕತೆಯಂತಲ್ಲ, ಇಲ್ಲಿ ಆಸೆ ಇದೆ. ಎಂಪಿ4 ಫೈಲ್‌ನಲ್ಲಿ ಚಿತ್ರ, ಧ್ವನಿ ಬರೆಯುತ್ತ ಹೋಗುತ್ತದೆ. ಯಾವುದು ಎಲ್ಲಿದೆ ಎಂಬ ಸೂಚಿಯನ್ನು ಮಾತ್ರ ಸಾಮಾನ್ಯವಾಗಿ ಸ್ಟಾಪ್ ಒತ್ತಿದ ಮೇಲೆ ಕೊನೆಯಲ್ಲಿ ಬರೆಯುತ್ತದೆ. ಫೋನ್ ದಿಢೀರ್ ಆಫ್ ಆದಾಗ ಆ ಸೂಚಿ ಬರೆಯಲು ಸಮಯ ಸಿಕ್ಕಿಲ್ಲ. ಫೈಲ್‌ನ ಗಾತ್ರ ನೋಡಿ. ಸೊನ್ನೆ ಅಥವಾ ಕೆಲವೇ ಕೆಬಿ ಇದ್ದರೆ ಬಿಟ್ಟುಬಿಡಿ. ನೂರಾರು ಎಂಬಿ, ಜಿಬಿ ಇದ್ದರೆ ಹಾಡು ಒಳಗಿದೆ.

ಆ ಫೈಲನ್ನು ಕಂಪ್ಯೂಟರ್‌ಗೆ ಹಾಕಿಕೊಳ್ಳಿ, ಮೂಲವನ್ನು ಮುಟ್ಟದೆ ಪ್ರತಿಯ ಮೇಲೆ ಕೆಲಸ ಮಾಡಿ. ಅದೇ ಫೋನಿನಲ್ಲಿ, ಅದೇ ರೆಸಲ್ಯೂಶನ್ ಮತ್ತು ಅದೇ ಸೆಟ್ಟಿಂಗ್‌ನಲ್ಲಿ ತೆಗೆದ, ಸರಿಯಾಗಿ ಓಡುವ ಇನ್ನೊಂದು ವಿಡಿಯೊ ಬೇಕು. ಅನ್‌ಟ್ರಂಕ್ ಎಂಬ ಉಚಿತ ಉಪಕರಣ ಆ ಒಳ್ಳೆಯ ಫೈಲನ್ನು ಮಾದರಿಯಾಗಿಟ್ಟುಕೊಂಡು ಕೆಟ್ಟದ್ದಕ್ಕೆ ಸೂಚಿ ಕಟ್ಟಿಕೊಡುತ್ತದೆ. ಈ ಕೆಲಸ ಮುಗಿಯುವವರೆಗೆ ಕ್ಯಾಮೆರಾ ಸೆಟ್ಟಿಂಗ್ಸ್ ಬದಲಿಸಬೇಡಿ, ಮೇಲೆ ಹೇಳಿದ ಎಚ್‌ಇವಿಸಿಯನ್ನೂ ಆಮೇಲೆ ಹಾಕಿ. ಉಪಕರಣವನ್ನು ನಡೆಸಲು ಕಮ್ಯಾಂಡ್ ಸಾಲು ಬೇಕಾಗಬಹುದು, ಗಣಕ ವಿಭಾಗದ ಯಾರಾದರೂ ವಿದ್ಯಾರ್ಥಿಯನ್ನು ಜೊತೆಗೆ ಕೂರಿಸಿಕೊಳ್ಳಿ. ಚಿತ್ರ ಅಲ್ಲಲ್ಲಿ ಒಡೆದು ಬಂದರೂ ಧ್ವನಿ ಪೂರ್ತಿ ಸಿಗುವುದುಂಟು. ಮುಂದೆ ವೇವ್‌ನಲ್ಲಿ ರೆಕಾರ್ಡ್ ಮಾಡಿದರೆ ಈ ತಾಪತ್ರಯವೂ ಕಡಿಮೆ: ಹೀಗೆ ಅರ್ಧಕ್ಕೆ ನಿಂತ ವೇವ್ ಫೈಲನ್ನು ಆಡಾಸಿಟಿಯಲ್ಲಿ 'ಇಂಪೋರ್ಟ್ ರಾ ಡೇಟಾ' ಮೂಲಕ ತೆರೆದು 16 ಬಿಟ್, ಮೊನೊ, 48000 ಎಂದು ಕೊಟ್ಟರೆ ಸಾಕು, ಆಫ್ ಆಗುವ ಹಿಂದಿನ ಕ್ಷಣದವರೆಗೂ ಕೇಳುತ್ತದೆ.